ಲೇಪ ಕಾಣದ ಎಡಗೈ

ದ್ರಾಕ್ಷಿ ಬೀಜದ ಸಾರ ಹಚ್ಚಿದರೆ ಚರ್ಮಕ್ಕೆ ಬೀಳುವ ಬಿಸಿಲಿನ ಏಟು ತಗ್ಗುತ್ತದೆ ಎಂಬುದು ಅಕ್ಕನ ಪ್ರಯೋಗಾಲಯದಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಆ ಸಾರ ಮಹಾ ಹಟಮಾರಿ. ಒಂದಿಷ್ಟು ಗಾಳಿ ಸೋಕಿದರೆ ಸಾಕು, ವಾರದೊಳಗೆ ಕಂದುಬಣ್ಣಕ್ಕೆ ತಿರುಗಿ ಕೆಲಸಕ್ಕೆ ಬಾರದಂತಾಗುತ್ತಿತ್ತು. ಅದು ಕೆಡದಂಥ ಲೇಪ ಮಾಡಲು ಅಕ್ಕ ಏಳು ವರ್ಷ ಜೀವ ತೇದಳು.

ಅವಳ ತಮ್ಮನದು ಛಾವಣಿಗೆ ತಗಡು ಹೊದಿಸುವ ಕೆಲಸ. ದಿನವಿಡೀ ಬಿಸಿಲಲ್ಲೇ ಇರುವವನು. "ಪರೀಕ್ಷೆಗೆ ಅವರಿವರನ್ನ ಯಾಕೆ ಹುಡುಕ್ತೀಯ? ನಾನಿಲ್ವಾ?" ಎಂದು ತಾನೇ ಮುಂದೆ ಬಂದ. ಅಕ್ಕ ಅವನ ಬಲಗೈಗೆ ಲೇಪ ಸವರಿ, "ಎಡಗೈಗೆ ಏನೂ ಹಚ್ಬೇಡ ಕಣೋ, ಬಟ್ಟೇನೂ ಮುಚ್ಬೇಡ. ಎರಡನ್ನೂ ಪಕ್ಕದಲ್ಲಿಟ್ಟು ನೋಡ್ಬೇಕು," ಎಂದಳು.

ಪರೀಕ್ಷೆ ಮೂರು ತಿಂಗಳದ್ದು. ಮುಗಿದಾಗ 'ಸಾಕು, ಇನ್ನು ಎರಡಕ್ಕೂ ಹಚ್ಕೋ' ಅನ್ನಬೇಕಿತ್ತು. ಅನ್ನಲಿಲ್ಲ, ಪುಣ್ಯಾತ್ಗಿತ್ತಿ! ಹೋಲಿಕೆ ಅಷ್ಟು ಚೆನ್ನಾಗಿ ಬರುತ್ತಿತ್ತು. ಪ್ರತಿ ಬೇಸಿಗೆಗೂ ಸುಧಾರಿಸಿದ ಲೇಪದ ಹೊಸ ಸೀಸೆ ಕೊಟ್ಟು, ಎರಡೂ ಕೈಗಳ ಚಿತ್ರ ತೆಗೆದುಕೊಳ್ಳುತ್ತಿದ್ದಳು. ಅವನಿಗೋ ಅಕ್ಕ ಹೇಳಿದ್ದೇ ವೇದವಾಕ್ಯ. "ಒಂದು ಕೈ ಅಳಿಯಂದು, ಇನ್ನೊಂದು ಆಳಿಂದು," ಎಂದು ಜೊತೆಯವರು ರೇಗಿಸಿದರೆ ಹಲ್ಲು ಕಿರಿಯುತ್ತಿದ್ದ.

ಏಳನೆಯ ವರ್ಷ ಎಡಗೈ ಮೇಲೊಂದು ಕಪ್ಪು ಹುಣ್ಣೆದ್ದಿತು. ನಾಲ್ಕು ತಿಂಗಳು ಬಾಯಿ ಬಿಡಲಿಲ್ಲ ಆಸಾಮಿ. ಹೇಳಿದರೆ ಅಕ್ಕ ಮದ್ದು ಹಚ್ಚುತ್ತಾಳೆ, ಹಚ್ಚಿದರೆ ಪರೀಕ್ಷೆ ಕೆಡುತ್ತದೆ ಎಂಬುದು ಅವನ ಲೆಕ್ಕಾಚಾರ. ಕಂಕುಳಲ್ಲಿ ಗಂಟು ಕಾಣಿಸಿಕೊಂಡ ಮೇಲೆ ಹೆಂಡತಿ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಕ್ಯಾನ್ಸರ್ ಆಗಲೇ ಶ್ವಾಸಕೋಶ ಸೇರಿತ್ತು.

"ಬರೀ ಏಳು ವರ್ಷದ ಬಿಸಿಲಿಂದ ಬಂದದ್ದು ಅಂತ ಹೇಳೋಕಾಗಲ್ಲಮ್ಮ," ಎಂದರು ಡಾಕ್ಟರು. ಸಮಾಧಾನಕ್ಕೆ ಹೇಳಿದ ಮಾತು ಎಂದು ಅಕ್ಕನಿಗೆ ಗೊತ್ತಿತ್ತು. ಬಲಗೈಯಲ್ಲಿ ಒಂದು ಮಚ್ಚೆಯೂ ಇರಲಿಲ್ಲ.

ಕೊನೆಯ ವಾರ ಆಸ್ಪತ್ರೆಯಲ್ಲಿ ಅವನ ಎಡಗೈ ಒಣಗಿ ಬಿರುಕು ಬಿಟ್ಟಿತ್ತು. ನೋಡಲಾಗದೆ ಅಕ್ಕ ತನ್ನ ಲೇಪವನ್ನೇ ಅಂಗೈಗೆ ಸುರಿದುಕೊಂಡಳು. ಅವನು ಕೈ ಹಿಂದಕ್ಕೆಳೆದುಕೊಂಡ.

"ಬೇಡಕ್ಕಾ, ಇದಕ್ಕೆ ಹಚ್ಬಾರ್ದು. ನಿನ್ನ ಹೋಲಿಕೆ ಕೆಡುತ್ತೆ."

"ಅಯ್ಯೋ, ಮೂರೇ ತಿಂಗಳು ಕಣೋ! ಆ ಪರೀಕ್ಷೆ ಇದ್ದದ್ದು ಮೂರೇ ತಿಂಗಳು!" ಎನ್ನುತ್ತ ಅಕ್ಕ ಗೊಳೋ ಎಂದು ಅತ್ತಳು.

ಅವನು ತನ್ನ ಎಡಗೈಯನ್ನೊಮ್ಮೆ ನೋಡಿಕೊಂಡ.

"ಹೌದಾ? ಹೇಳ್ಬಾರ್ದಿತ್ತಾ, ಅಕ್ಕಾ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವಳು ಹೇಗೋ ತಡೆದುಕೊಳ್ಳುತ್ತಿದ್ದಳು.