ಉದ್ದನೆಯ ಸ್ವರ

ನಮ್ಮ ನಾಲ್ವರ ವಾದ್ಯ ತಂಡದಲ್ಲಿ ಪ್ರತಿ ಕಾರ್ಯಕ್ರಮಕ್ಕೂ ಒಂದು ವಿಷಯ ಹುಡುಕಿ, ಅದಕ್ಕೆ ಹೊಂದುವ ಕೃತಿಗಳನ್ನು ಆರಿಸುವ ಕೆಲಸ ನನ್ನದು. ಅಣ್ಣ ಮೊದಲ ಪಿಟೀಲು, ನಾನು ಎರಡನೆಯದು, ಅತ್ತಿಗೆ ಪಿಟೀಲಿನ ಅಕ್ಕನಂಥ ವಿಯೋಲಾ. ನೆಲಕ್ಕೂರಿ ನುಡಿಸುವ ದೊಡ್ಡ ಪಿಟೀಲು, ಚೆಲ್ಲೋ, ನುಡಿಸುವವರಿಗೆ ನಾವಿಟ್ಟ ಹೆಸರು ಗುಮ್ಮಣ್ಣ. ಬಾಯಿ ಬಿಟ್ಟರೆ ಮುತ್ತು ಉದುರಿಹೋದೀತು ಎಂಬ ಹಾಗೆ ಕೂರುತ್ತಾರೆ.

‘ಬೇಟೆ’, ‘ಸಂತೆ’, ‘ರೈಲು’, ‘ಕುಣಿತ’ ಎಲ್ಲ ನನ್ನ ವಿಷಯಗಳೇ. ಎಂಥ ಕಲ್ಪನೆ ರೀ ನಿಮ್ಮದು ಎಂದು ಜನ ಹೊಗಳುತ್ತಾರೆ. ಕಲ್ಪನೆಯೂ ಇಲ್ಲ, ಮಣ್ಣೂ ಇಲ್ಲ. ಅಣ್ಣನ ಬಲಗೈ ನಡುಗುತ್ತದೆ, ಅಷ್ಟೇ. ವೇಗದ ಸಂಗೀತದಲ್ಲಿ ಕಮಾನು ಓಡುತ್ತಲೇ ಇರುವುದರಿಂದ ಅದು ಯಾರಿಗೂ ತಿಳಿಯುವುದಿಲ್ಲ. ಒಂದೇ ಸ್ವರವನ್ನು ಮೆಲ್ಲಗೆ, ಉದ್ದಕ್ಕೆ ಎಳೆಯಬೇಕಾದಾಗ ಬಯಲಾಗುತ್ತದೆ.

ಅಣ್ಣನಿಗೆ ಇದು ಗೊತ್ತಿಲ್ಲ. ಚಹಾ ತುಳುಕಿದರೆ ಲೋಟವನ್ನು ಬೈಯುತ್ತಾನೆ, ಸಹಿ ಅಂಕುಡೊಂಕಾದರೆ ಪೆನ್ನನ್ನು. ಡಾಕ್ಟರ ಹೆಸರೆತ್ತಿದರೆ ಅವತ್ತು ಊಟ ಬಿಟ್ಟು ಕೂರುತ್ತಾನೆ. ಪಿಟೀಲು ಹೋದರೆ ಈ ಮನುಷ್ಯನಲ್ಲಿ ಇನ್ನೇನು ಉಳಿಯುತ್ತದೆ ಎಂದು ಅತ್ತಿಗೆಗೂ ನನಗೂ ಹೆದರಿಕೆ. ಅದಕ್ಕೇ ಈ ಬೇಟೆ, ಈ ಸಂತೆ.

ಈ ಸಲ ಸಭಾಂಗಣದ ಮ್ಯಾನೇಜರ್ ತಾನೇ ವಿಷಯ ಗೊತ್ತುಮಾಡಿಬಿಟ್ಟ: ‘ಮೌನದ ಕಡೆಗೆ’. ಎಲ್ಲವೂ ನಿಧಾನದ ಕೃತಿಗಳು. ಕೂಡಲೇ ಫೋನ್ ಮಾಡಿದೆ.

“ಸಾರ್, ಜನ ನಿದ್ದೆ ಹೋಗ್ತಾರೆ.”

“ಹೋಗ್ಲಿ ಬಿಡಿ ಮೇಡಂ, ಟಿಕೆಟ್ ತಗೊಂಡೇ ಮಲಗ್ತಾರಲ್ಲ.”

ಅಂಥವನ ಹತ್ತಿರ ಏನು ವಾದ ಮಾಡುವುದು, ನನ್ನ ತಲೆ! ಅಣ್ಣನಂತೂ ಹಿರಿಹಿರಿ ಹಿಗ್ಗಿದ. “ಅಂತೂ ಒಬ್ಬ ರಸಿಕ ಸಿಕ್ಕ ಕಣೇ. ನಿನ್ನ ರೈಲು ಹತ್ತಿ ಹತ್ತಿ ಸಾಕಾಗಿಹೋಗಿತ್ತು ನಂಗೆ.”

ನಡುಮನೆಯಲ್ಲಿ ಅಭ್ಯಾಸಕ್ಕೆ ಕೂತೆವು. ಮೊದಲ ಕೃತಿ ಶುರುವಾಗುವುದೇ ಎರಡೂ ಪಿಟೀಲು ಒಟ್ಟಿಗೆ ಎಳೆಯುವ ಒಂದು ಉದ್ದನೆಯ ಸ್ವರದಿಂದ. ಎಳೆದೆವು. ಸ್ವರ ನಡುಗಿತು. ಅಣ್ಣ ನಿಲ್ಲಿಸಿ ಎಡಕ್ಕೆ ತಿರುಗಿ ನನ್ನನ್ನು ನೋಡಿದ.

“ಪುಟ್ಟಿ, ನಿನ್ನ ಕಮಾನು ನಡುಗ್ತಾ ಇದೆ.”

ಮೈಯೆಲ್ಲ ಉರಿದುಹೋಯಿತು. ನನ್ನದಾ! ಅತ್ತಿಗೆ ವಿಯೋಲಾದ ತಂತಿ ಬಿಗಿಯುವ ನೆಪದಲ್ಲಿ ತಲೆ ತಗ್ಗಿಸಿದರು. ಗುಮ್ಮಣ್ಣ ಸೂರು ನೋಡಿದರು. ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅಣ್ಣನ ಮುಖದಲ್ಲಿ ಸಿಟ್ಟಿರಲಿಲ್ಲ, ನನ್ನ ಬಗ್ಗೆ ಕಳವಳವಿತ್ತು.

“ಹೂಂ ಅಣ್ಣ, ನಡುಗ್ತಿದೆ.”

“ನಂಗೆ ಯಾವಾಗ್ಲೋ ಅನುಮಾನ ಇತ್ತು. ಅದಕ್ಕೇ ತಾನೇ ನೀನು ಬರೀ ಕುಣಿತ, ಸಂತೆ ಅಂತ ಹುಡುಕ್ತಿದ್ದಿದ್ದು? ನಿನ್ನ ಮರ್ಯಾದೆ ಯಾಕೆ ಕಳೀಲಿ ಅಂತ ಸುಮ್ನಿದ್ದೆ.”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೂ ಒಂದು ದಾರಿ ಸಿಕ್ಕಿತು ಅನಿಸಿತು. “ಹಾಗಾದ್ರೆ ಮ್ಯಾನೇಜರ್‌ಗೆ ಹೇಳಿ ವಿಷಯ ಬದಲಾಯಿಸು ಅಣ್ಣ. ನನಗೋಸ್ಕರ.”

ಪಾಪ, ಆಗಲೇ ಎದ್ದುಹೋಗಿ ಫೋನ್ ಮಾಡಿದ. ಬಂದು ನನ್ನ ತಲೆ ಸವರಿದ.

“ಪೋಸ್ಟರ್ ಅಂಟಿಸಿ ಆಗಿದೆಯಂತೆ ಕಣೇ. ಈ ಒಂದು ಸಲಕ್ಕೆ ನಿನ್ನ ಜಾಗಕ್ಕೆ ಬೇರೆಯವರನ್ನ ಕಳಿಸ್ತಾನಂತೆ. ಬೇಜಾರು ಮಾಡ್ಕೋಬೇಡ. ಮುಂದಿನ ಸಾಲಲ್ಲಿ ಆರಾಮಾಗಿ ಕೂತು ಕೇಳು.”

ಅಡುಗೆಮನೆಯಲ್ಲಿ ಅತ್ತಿಗೆ ನನ್ನ ಮೊಣಕೈ ಹಿಡಿದರು. “ಈಗೇನೇ ಮಾಡೋದು?”

“ನಂಗೇನು ಗೊತ್ತು? ನಿಮ್ಮ ಗಂಡ, ನೀವೇ ಹೇಳಿ!” ಎಂದು ರೇಗಿದೆ. ಅವರ ಕಣ್ಣು ತುಂಬಿತು. ನಾನು ಹಾಗೆ ಅನ್ನಬಾರದಿತ್ತು. ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಬಂದವರು ಯಾವುದೋ ಶಾಲೆಯ ಸಂಗೀತದ ಟೀಚರ್. ಒಳ್ಳೆಯ ಹೆಂಗಸು. ಅದೇ ನನ್ನ ಗ್ರಹಚಾರ; ಬೈಯೋಣವೆಂದರೆ ಒಂದು ಕೊಂಕೂ ಸಿಗಲಿಲ್ಲ. ನನ್ನ ಸ್ವರಲಿಪಿಯ ಹಾಳೆಗಳ ಮೇಲಿನ ಗುರುತುಗಳನ್ನೆಲ್ಲ ಅವರಿಗೆ ವಿವರಿಸಿ, ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತೆ.

ಎರಡು ಕಮಾನುಗಳೂ ಎದ್ದವು. ಸ್ವರ ನಡುಗಿತು. ಅಣ್ಣ ನಿಲ್ಲಿಸಿ ಎಡಕ್ಕೆ ತಿರುಗಿದ.

“ಸ್ವಲ್ಪ ಗಟ್ಟಿಯಾಗಿ ಹಿಡೀರಿ ಮೇಡಂ.”

“ಗಟ್ಟಿಯಾಗೇ ಹಿಡಿದಿದ್ದೀನಿ ಸಾರ್. ನೋಡಿ,” ಎಂದು ಆಕೆ ಅದೇ ಸ್ವರವನ್ನು ಒಬ್ಬರೇ ಎಳೆದರು. ಎಳೆದು ಕಟ್ಟಿದ ದಾರದಂತೆ ನೆಟ್ಟಗೆ ಬಂತು.

ಅಣ್ಣ ತನ್ನ ಕಮಾನನ್ನು ತೊಡೆಯ ಮೇಲಿಟ್ಟುಕೊಂಡ. ಅಲ್ಲೂ ಅದರ ತುದಿ ನಡುಗುತ್ತಲೇ ಇತ್ತು. ಅದನ್ನೇ ನೋಡಿದ. ಆಮೇಲೆ ಅತ್ತಿಗೆಯನ್ನು, ಗುಮ್ಮಣ್ಣನನ್ನು, ಕೊನೆಗೆ ಬಾಗಿಲ ಕಡೆಗೆ, ನನ್ನನ್ನು.

“ಪುಟ್ಟೀ... ಆ ಬೇಟೆ, ಸಂತೆ, ರೈಲು... ಎಲ್ಲಾ ನನಗೋಸ್ಕರಾನಾ?”

“ಇಲ್ಲಣ್ಣ! ನನ್ನ ಕೈಯೇ ಸರಿಯಿಲ್ಲ, ನೋಡು ಬೇಕಾದ್ರೆ,” ಎಂದು ಬಲಗೈ ಚಾಚಿದೆ.

ಹಾಳಾದ ಕೈ, ಒಂದಿಷ್ಟೂ ನಡುಗಲಿಲ್ಲ.