ಬೆಪ್ಪನ ಹರಿದ ಕಿವಿ

ಬಸ್ಸು ತುಂಬ ಜನರನ್ನು ಒಂದೇ ಗದರಿಕೆಯಲ್ಲಿ ಹಿಂದಕ್ಕೆ ಸರಿಸುತ್ತಿದ್ದ ಕಂಡಕ್ಟರಮ್ಮನಿಗೆ ಆಸ್ಪತ್ರೆಯ ಬಾಗಿಲು ದಾಟುವಾಗ ಮಾತ್ರ ಹೆದರಿಕೆಯಾಗುತ್ತಿತ್ತು. ರಜೆಯ ದಿನಗಳಲ್ಲಿ ಅವಳು ತನ್ನ ನಾಯಿ ಬೆಪ್ಪನನ್ನು ಪಾರ್ಶ್ವವಾಯು ಹೊಡೆದವರ ವಾರ್ಡಿಗೆ ಕರೆದೊಯ್ಯುತ್ತಿದ್ದಳು. ರೋಗಿಗಳು ಅವನ ಮೈ ಸವರುತ್ತಿದ್ದರು, ಮುಖ ಗಂಟಿಕ್ಕಿಕೊಂಡಿದ್ದವರೂ ನಗುತ್ತಿದ್ದರು.

"ಪುಕ್ಕಟೆ ಕೆಲಸಕ್ಕೆ ಇಷ್ಟು ಹೆದರ್ಕೊಂಡು ಯಾಕೆ ಹೋಗ್ತೀಯೆ?" ಎಂದು ಗಂಡ ಕೇಳುವುದಿತ್ತು.

ಹೆದರಿಕೆಗೆ ಕಾರಣವಿತ್ತು. ಹಾಳುಬಿದ್ದ ಗೋದಾಮಿನಲ್ಲಿ ತಂತಿಯಿಂದ ಕಟ್ಟಿಹಾಕಿದ್ದ ಬೆಪ್ಪನನ್ನು ಪ್ರಾಣಿ ರಕ್ಷಕರು ಬಿಡಿಸಿ ತಂದಿದ್ದರು. ಯಾರೋ ಕಿವಿ ಹಿಡಿದೇ ಎಳೆದಾಡಿದ್ದರಂತೆ. ಎಡಗಿವಿ ಅರ್ಧ ಹರಿದಿತ್ತು. ಅದರ ಹತ್ತಿರ ಕೈ ಹೋದರೆ ಸಾಕು, ಹಲ್ಲು ಕಿರಿಯುತ್ತಿದ್ದ. ಕಂಡಕ್ಟರಮ್ಮ ವರ್ಷಗಟ್ಟಲೆ ಹೆಣಗಿ, ಬೆರಳ ತುದಿಯಿಂದ ಶುರುಮಾಡಿ, ಆ ಕಿವಿಯನ್ನು ಅಂಗೈಯಲ್ಲಿ ಹಿಡಿಯುವಷ್ಟು ಅವನನ್ನು ಒಲಿಸಿಕೊಂಡಿದ್ದಳು. ಆಸ್ಪತ್ರೆಗೆ ಬರುವ ನಾಯಿಗಳಿಗೆ ಇಡುವ ಪರೀಕ್ಷೆಯಲ್ಲೂ ಅವನು ಪಾಸಾಗಿದ್ದ. ಆದರೂ ಹಳೆಯ ನೋವು ಬೂದಿ ಮುಚ್ಚಿದ ಕೆಂಡ. ಯಾರು ಯಾವಾಗ ಕೆದಕುತ್ತಾರೋ!

ಅಂದು ಕಿಟಕಿಯ ಪಕ್ಕ ಹೊಸಬರೊಬ್ಬರು ಗಾಲಿಕುರ್ಚಿಯಲ್ಲಿ ಕೂತಿದ್ದರು. ಊರ ಮಕ್ಕಳಿಗೆಲ್ಲ ಹಾಡು ಕಲಿಸಿದ ಟೀಚರು. ಈಗ ಮಾತು ನಿಂತಿತ್ತು, ಬಲಗೈ ಸೆಟೆದುಕೊಂಡಿತ್ತು. ಜೊತೆಗೆ ಮಗಳಿದ್ದಳು.

"ಅಮ್ಮಂಗೆ ನಾಯಿ ಅಂದ್ರೆ ಪ್ರಾಣ. ಸ್ವಲ್ಪ ಹತ್ತಿರ ಬಿಡಿ ಅಕ್ಕ" ಎಂದ ಮಗಳು, ಕಂಡಕ್ಟರಮ್ಮ ಬೇಡವೆನ್ನುವಷ್ಟರಲ್ಲಿ ತಾಯಿಯ ಸೆಟೆದ ಕೈಯನ್ನೆತ್ತಿ ಬೆಪ್ಪನ ತಲೆಯ ಮೇಲಿಟ್ಟಳು. ಬೆರಳುಗಳು ಜಾರಿ ಎಡಗಿವಿಯ ಮೇಲೆ ಹೋಗಿ ಮುಚ್ಚಿಕೊಂಡವು.

ಬೆಪ್ಪ ಕಲ್ಲಾದ. ಬಾಲ ಕಾಲ ಸಂದಿಗೆ ಸೇರಿತು. ಗಂಟಲಾಳದಿಂದ ಗುರ್ ಎನ್ನುವ ಸದ್ದು ಎದ್ದಿತು.

"ಅಮ್ಮಾ, ಬಿಡಮ್ಮಾ!" ಮಗಳು ಚೀರಿದಳು.

ಬಿಡಲು ಹೆಣಗಿದಷ್ಟೂ ಟೀಚರ ಹಿಡಿತ ಬಿಗಿಯಾಗುತ್ತಿತ್ತು. ಆಸರೆಯಿಲ್ಲದೆ ಅವರು ಮುಂದಕ್ಕೆ ವಾಲಿದ್ದರು. ಮುಖಕ್ಕೂ ನಾಯಿಯ ಬಾಯಿಗೂ ಒಂದು ಗೇಣೂ ಅಂತರವಿರಲಿಲ್ಲ.

ಹಗ್ಗ ಎಳೆದರೆ ಕಿವಿ ಹರಿಯುತ್ತದೆ, ಕೂಗಿದರೆ ಕಚ್ಚುತ್ತಾನೆ. ಕಂಡಕ್ಟರಮ್ಮ ಮಂಡಿಯೂರಿ, ತನ್ನ ಮುಂಗೈಯನ್ನೇ ಇಬ್ಬರ ನಡುವೆ ಅಡ್ಡ ಹಿಡಿದಳು. ಹಲ್ಲುಗಳು ಅದರ ಮೇಲೆ ಬಂದು ಕೂತವು.

"ಇಲ್ಲೇ ಇದೀನಿ ಕಣೋ, ರಾಜ... ಇಲ್ಲೇ ಇದೀನಿ..." ಎನ್ನುವ ಆ ನಡುಗುವ ದನಿ ಅವಳಿಗೇ ಬೇರೆ ಯಾರದೋ ಅನ್ನಿಸಿತು. ಹಲ್ಲು ಒತ್ತಲೂ ಇಲ್ಲ, ಬಿಡಲೂ ಇಲ್ಲ.

ವ್ಯಾಯಾಮ ಮಾಡಿಸುವ ಥೆರಪಿಸ್ಟ್ ಓಡಿ ಬಂದ. "ಯಾರೂ ಎಳೀಬೇಡಿ. ಬೆರಳು ಬಿಡಿಸೋಕೆ ಹೋಗ್ಬೇಡಿ" ಎನ್ನುತ್ತ ಟೀಚರ ಭುಜಕ್ಕೆ ಆಸರೆ ಕೊಟ್ಟು, ಅವರ ಮಣಿಕಟ್ಟನ್ನು ಮೆಲ್ಲಗೆ ಒಳಮುಖವಾಗಿ ಬಗ್ಗಿಸಿದ. ಕಿರುಬೆರಳು ಸಡಿಲವಾಯಿತು. ಆಮೇಲೆ ಉಳಿದವೂ ಒಂದೊಂದಾಗಿ ಸಡಿಲಗೊಂಡವು.

ಬೆಪ್ಪ ಹಾರಿ ಹಿಂದೆ ಸರಿದು, ನೆಲವನ್ನೆಲ್ಲ ಒದ್ದೆ ಮಾಡಿಬಿಟ್ಟ.

ಹೊರಗಿನ ಮೊಗಸಾಲೆಯಲ್ಲಿ ಅವನನ್ನು ತಬ್ಬಿಕೊಂಡು ಕಂಡಕ್ಟರಮ್ಮ ನೆಲದ ಮೇಲೆ ಕುಸಿದಳು. ಮುಂಗೈಯಲ್ಲಿ ಹಲ್ಲಿನ ಗುರುತುಗಳಿದ್ದವು, ರಕ್ತವಿರಲಿಲ್ಲ. ಅಷ್ಟರಲ್ಲಿ ಮಗಳು ಅಳುತ್ತ ಬಂದಳು.

"ತಪ್ಪು ನಂದೇ ಅಕ್ಕ. ನಾಯಿಗೆ ಏನೋ ಆಗೋಯ್ತು ಅಂತ ಅಮ್ಮ ಅಳು ನಿಲ್ಲಿಸ್ತಿಲ್ಲ. ಒಂದ್ಸಲ ಬನ್ನಿ."

ಮತ್ತೆ ಆ ಕೋಣೆಗೆ ಕಾಲಿಡಲು ಅವಳಿಗೆ ಹೆದರಿಕೆಯೇ. ಆದರೂ ಬೆಪ್ಪನನ್ನು ಥೆರಪಿಸ್ಟನ ಬಳಿ ಬಿಟ್ಟು ಒಬ್ಬಳೇ ಹೋದಳು.

"ಅವನಿಗೇನೂ ಆಗಿಲ್ಲ ಟೀಚರ್. ಹೆದರ್ಕೊಂಡಿದ್ದ ಅಷ್ಟೆ. ನನ್ನ ಹಾಗೇ."

ಟೀಚರು ಎಡಗೈಯಲ್ಲಿ ಅವಳ ಮುಂಗೈ ಹಿಡಿದು, ಹಲ್ಲಿನ ಗುರುತುಗಳನ್ನು ಹೆಬ್ಬೆರಳಿನಿಂದ ಸವರಿದರು.

ಆಮೇಲೆ ಕಂಡಕ್ಟರಮ್ಮ ಬೆಪ್ಪನನ್ನು ವಾರ್ಡಿಗೆ ಕರೆದೊಯ್ಯಲಿಲ್ಲ. ಕಚ್ಚದೆ ಉಳಿದದ್ದೇ ಅವನು ಮಾಡಿದ ದೊಡ್ಡ ಉಪಕಾರ, ಇನ್ನೊಮ್ಮೆ ಅದನ್ನು ಕೇಳುವುದು ಅನ್ಯಾಯ ಎನ್ನಿಸಿತು. ಆದರೆ ಮುಂದಿನ ರಜೆಯ ದಿನ ಕಾಲು ತಾನಾಗಿ ಆಸ್ಪತ್ರೆಯ ಹಾದಿ ಹಿಡಿಯಿತು. ಬರಿಗೈಲಿ ಬಂದವಳನ್ನು ಕಂಡ ಟೀಚರು ಎಡಗೈಯ ಎರಡು ಬೆರಳನ್ನು ತಲೆಯ ಮೇಲೆ ಕಿವಿಯಂತೆ ನಿಲ್ಲಿಸಿ, ಎಲ್ಲಿ ಎಂದು ಕಣ್ಣಲ್ಲೇ ಕೇಳಿದರು.

"ಮನೇಲಿದಾನೆ ಟೀಚರ್, ನಮ್ಮೆಜಮಾನ್ರ ಚಪ್ಪಲಿ ಕಡೀತಾ" ಎಂದು ಕಂಡಕ್ಟರಮ್ಮ ಕುರ್ಚಿ ಎಳೆದುಕೊಂಡು ಕೂತಳು.