ಅಡುಗೆಮನೆಯಿಂದ ಕೇಳಿದ ಸಿನಿಮಾ

ಸಿದ್ದಬಸಪ್ಪನವರು ಜೀವಮಾನದಲ್ಲಿ ಮನಸೋತದ್ದು ಒಂದೇ ಸಿನಿಮಾಕ್ಕೆ. ಅದೂ ಆರೇ ದಿನ ಓಡಿ ಥಿಯೇಟರಿನಿಂದ ಎತ್ತಂಗಡಿಯಾದ ಸಿನಿಮಾಕ್ಕೆ. ಹೆಸರು ‘ಪಾತಾಳದ ಪೋಸ್ಟ್‌ಮನ್’. ಕಾಗದವೊಂದನ್ನು ತಲುಪಿಸಿಯೇ ತೀರುತ್ತೇನೆಂದು ಹಟ ಹಿಡಿದ ಅಂಚೆಯಣ್ಣ ಬಾವಿಗಿಳಿದು ಪಾತಾಳ ಸೇರುವ ಕಥೆ. ಅಲ್ಲಿನ ರಾಕ್ಷಸರಾಜನ ತಲೆಯಲ್ಲಿ ರಬ್ಬರಿನ ಕೊಂಬು, ಕೈಯಲ್ಲಿ ಬಿಚ್ಚಿಡಲು ಮರೆತ ವಾಚು. ತೊಂಬತ್ತೆರಡರಲ್ಲಿ ಮೂಡಲಪಾಳ್ಯದ ವಿಡಿಯೋ ಲೈಬ್ರರಿಯೊಂದು ಮುಚ್ಚುವಾಗ ಯಾರಿಗೂ ಬೇಡವಾಗಿ ಉಳಿದಿದ್ದ ಅದರ ಕ್ಯಾಸೆಟ್ಟನ್ನು ಅವರು ಮನೆಗೆ ತಂದರು. ಅಲ್ಲಿಂದ ಮುಂದೆ ಎಂಟು ವರ್ಷ, ಪ್ರತಿ ಭಾನುವಾರ ಬೆಳಿಗ್ಗೆ, ವಿಜಯನಗರದ ಆ ಎರಡು ಕೋಣೆಯ ಮನೆಯಲ್ಲಿ ಅದೇ ಸಿನಿಮಾ.

ಮಗಳು ಶಿವರಂಜನಿ, ಮಗ ಚನ್ನವೀರೇಶ್ ಇಬ್ಬರೂ ಅಪ್ಪನ ಅಕ್ಕಪಕ್ಕ ಚಾಪೆಯ ಮೇಲೆ. ಹೆಂಡತಿ ಗಿರಿಜಾದೇವಿ ಮಾತ್ರ ಒಮ್ಮೆಯೂ ಬಂದು ಕೂರಲಿಲ್ಲ. ಗೋಡೆಯಾಚೆ ರೊಟ್ಟಿ ಬಡಿಯುತ್ತ, “ಆ ಹುಚ್ಚ ಪೋಸ್ಟ್‌ಮನ್ ಇನ್ನೂ ಊರಿಗೆ ಬರ್ಲಿಲ್ಲೇನು?” ಎಂದು ಕೇಳುತ್ತಿದ್ದರು. ರಾಣೆಬೆನ್ನೂರು ಬಿಟ್ಟು ಈಗ ನಲವತ್ತು ವರ್ಷವಾದರೂ ಅವರ ಮಾತು ಊರಿನದೇ.

ಸಿದ್ದಬಸಪ್ಪನವರು ತೀರಿಕೊಂಡು ಆರು ವರ್ಷವಾಗಿದೆ. ಶಿವರಂಜನಿ ಈಗ ಉಲ್ಲಾಳದ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಾಳೆ. ಅಮ್ಮ ಅವಳ ಜೊತೆಗೇ ಇದ್ದಾರೆ. ಒಂದು ಸಂಜೆ ಬಸ್ಸಿನಲ್ಲಿ ಬರುತ್ತ ಫೋನ್ ನೋಡುತ್ತಿದ್ದಾಗ ಅವಳ ಕಣ್ಣಿಗೆ ರಬ್ಬರಿನ ಕೊಂಬು ಬಿತ್ತು. ಹೊಸಹಳ್ಳಿಯಲ್ಲಿ ಫಿಲ್ಮ್ ಕ್ಲಬ್ ನಡೆಸುವ ಆತ್ರೇಯ ಎಂಬ ಯುವಕ ಹಳೆಯ ಪೋಸ್ಟರ್ ಹಾಕಿ, ಈ ಸಿನಿಮಾ ಯಾರ ಹತ್ತಿರವಾದರೂ ಇದೆಯೇ ಎಂದು ಕೇಳಿದ್ದ. ಕೆಳಗೆ ಸಾವಿರಾರು ಜನರ ಕಾಮೆಂಟು. ವಾಚಿನ ಬಗ್ಗೆಯೇ ನಾಲ್ಕುನೂರು. ಇಷ್ಟು ದಿನ ಇಡೀ ಲೋಕದಲ್ಲಿ ಅದನ್ನು ನೋಡಿದವರು ತಾವು ಮೂವರೇ ಎಂದುಕೊಂಡಿದ್ದ ಶಿವರಂಜನಿಗೆ ತನ್ನ ಸ್ಟಾಪು ಹೋದದ್ದೂ ತಿಳಿಯಲಿಲ್ಲ. “ನಮ್ಮನೇಲಿ ಕ್ಯಾಸೆಟ್ ಇದೆ” ಎಂದು ವಿಳಾಸದ ಸಮೇತ ಅವನಿಗೆ ಬರೆದಳು. ಅವಳು ಮನೆ ಮುಟ್ಟುವಷ್ಟರಲ್ಲಿ ಆತ್ರೇಯನ ಸ್ಕೂಟರ್ ಗೇಟಿನ ಮುಂದೆ ನಿಂತಿತ್ತು.

ಟೇಪಿಗೆ ಬಿಳಿ ಬೂಷ್ಟು ಹಿಡಿದಿತ್ತು. ಆತ್ರೇಯನ ಪರಿಚಯದವರೊಬ್ಬರು ಮೂರು ವಾರ ಕೂತು ಅದನ್ನು ಒರೆಸಿ, ಕಂಪ್ಯೂಟರಿಗೆ ಇಳಿಸಿದರು. ಹೊಸಹಳ್ಳಿ ಮೆಟ್ರೋ ಬಳಿಯ ಸಭಾಂಗಣದಲ್ಲಿ ಭಾನುವಾರ ಪ್ರದರ್ಶನವೆಂದು ತಿಳಿಸಿದ್ದೇ ತಡ, ಇನ್ನೂರು ಸೀಟೂ ಒಂದೇ ದಿನಕ್ಕೆ ಭರ್ತಿ.

ಗುರುವಾರ ಸಂಜೆ ಆತ್ರೇಯ ಮುಖ ಸಣ್ಣ ಮಾಡಿಕೊಂಡು ಬಂದ.

“ಮೇಡಂ, ಪಿಕ್ಚರ್ ಚೆನ್ನಾಗೇ ಬಂದಿದೆ. ಆದ್ರೆ ಕೊನೇ ಹದಿನೆಂಟು ನಿಮಿಷ ಸೌಂಡೇ ಇಲ್ಲ, ಬರೀ ಕರಕರ. ಎಷ್ಟು ಟ್ರೈ ಮಾಡಿದ್ರೂ ಆಗ್ಲಿಲ್ಲ.”

“ಅಷ್ಟೇ ತಾನೇ,” ಎಂದಳು ಶಿವರಂಜನಿ. “ನಂಗೆ ಪೂರ್ತಿ ಬಾಯಿಪಾಠ. ಬರ್ಕೊಡ್ತೀನಿ, ಕೆಳಗಡೆ ಅಕ್ಷರದಲ್ಲಿ ಹಾಕಿ.”

ಹಾಳೆ, ಪೆನ್ನು ಹಿಡಿದು ಲ್ಯಾಪ್‌ಟಾಪಿನ ಮುಂದೆ ಕೂತಳು. ಪರದೆಯ ಮೇಲೆ ಅಂಚೆಯಣ್ಣ ಬಾಯಿ ತೆರೆದ. ಅವಳಿಗೆ ಅವನ ಹರಿದ ಜೇಬು ನೆನಪಿತ್ತು, ಹಿಂದೆ ಜೋತಾಡುವ ರಬ್ಬರಿನ ಹಾವಿಗೆ ಕಟ್ಟಿದ್ದ ದಾರ ನೆನಪಿತ್ತು. ಮಾತು ಮಾತ್ರ ಅರ್ಧಕ್ಕೆ ನಿಂತುಬಿಟ್ಟಿತು. ಹುಬ್ಬಳ್ಳಿಯಲ್ಲಿದ್ದ ತಮ್ಮನಿಗೆ ಫೋನ್ ಮಾಡಿದಳು. ಅವನಿಗೆ ಬರೀ ಫೈಟಿಂಗ್ ಜ್ಞಾಪಕವಿತ್ತು. ಅಪ್ಪ ಅಷ್ಟು ಆಸೆಯಿಂದ ಕೊಟ್ಟದ್ದನ್ನು ಎಲ್ಲೋ ಕಳೆದುಬಿಟ್ಟೆನಲ್ಲ ಎಂದುಕೊಳ್ಳುತ್ತ ಅದೇ ದೃಶ್ಯವನ್ನು ಮತ್ತೆ ಹಾಕಿದಳು. ಊಹಿಸಿಕೊಂಡು ಒಂದು ಸಾಲು ಗಟ್ಟಿಯಾಗಿ ಓದಿದಳು.

“ಹಂಗಲ್ಲ,” ಎಂದು ಅಡುಗೆಮನೆಯಿಂದ ದನಿ ಬಂತು. “‘ವಿಳಾಸ ಇಲ್ಲದ ಕಾಗದಕ್ಕೂ ಕಾಯುವವರು ಇರುತ್ತಾರೆ ಮಹಾರಾಜ’ ಅಂತಾನ ಅವ. ಆಮ್ಯಾಲ ಗಂಟಿ ಬಡಿತೈತಿ, ಮೂರು ಸಲ. ಆಮ್ಯಾಲ ಆ ರಾಣಿ ನಗ್ತಾಳ.”

ಆತ್ರೇಯ ಕಾಫಿ ಲೋಟ ಕೆಳಗಿಟ್ಟ. “ಆಂಟಿ, ನೀವಿದನ್ನ ಎಷ್ಟ್ ಸಲ ನೋಡಿದೀರಾ?”

“ಒಮ್ಮೆನೂ ನೋಡಿಲ್ಲಪ್ಪ. ಕೇಳೇನಿ. ಎಂಟು ವರ್ಷ ಕಿವಿ ಮುಚ್ಚಿಕೊಂಡು ರೊಟ್ಟಿ ಬಡಿಯಾಕ ಬರತೈತೇನು?”

ಒಲೆ ಆರಿಸಿ ಹೊರಬಂದ ಗಿರಿಜಾದೇವಿ, ರಾಕ್ಷಸನ ನಡಿಗೆಯ ಸದ್ದಿನಿಂದ ಹಿಡಿದು ಕೊನೆಯ ಮಂಗಳವಾದ್ಯದವರೆಗೆ ಎಲ್ಲವನ್ನೂ ಒಪ್ಪಿಸಿದರು. ಶಿವರಂಜನಿ ಬರೆದುಕೊಳ್ಳುವುದನ್ನೇ ಮರೆತು ಅಮ್ಮನ ಮುಖ ನೋಡುತ್ತಿದ್ದಳು.

“ಬರಿಯೂದ್ಯಾಕ?” ಎಂದರು ಗಿರಿಜಾದೇವಿ. “ಮೈಕ್ ಕೊಡ್ರಿ, ನಾನ ಹೇಳ್ತೀನಿ.”

ಎರಡು ದಿನ ತಾಲೀಮು ನಡೆಯಿತು. ರಾಕ್ಷಸನನ್ನು ಮೊದಲ ಸಲ ಕಂಡಾಗ ಅವರಿಗೆ ನಿರಾಸೆಯಾಯಿತು. “ಇವನೇನು ಇಷ್ಟ ಅದಾನ? ನಾನು ತೆಂಗಿನಮರದಷ್ಟು ಅನ್ಕೊಂಡಿದ್ದೆ.” ಒಂದೇ ಒಂದು ಕಡೆ ಅವರು ತಡವರಿಸಿದರು: ರಾಜ ಅಂಚೆಯಣ್ಣನನ್ನು ಬಿಟ್ಟು ಕಳಿಸುವಾಗ ಆಡುವ ಮಾತು. “ಇಲ್ಲಿ ನಿಮ್ಮ ಅಪ್ಪಾಜಿ ತಾವ ಜೋರಾಗಿ ಒದರ್ತಿದ್ರು. ಸಿನಿಮಾದಾಗ ಏನೈತೋ ನಂಗ ಕೇಳಿಸೇ ಇಲ್ಲ.”

“ಅಪ್ಪಾಜಿ ಹೇಳ್ತಿದ್ದದ್ದನ್ನೇ ಹೇಳವ್ವ,” ಎಂದಳು ಶಿವರಂಜನಿ. ಆತ್ರೇಯನೂ ತಲೆಯಾಡಿಸಿದ.

ಭಾನುವಾರ ಹತ್ತೂವರೆಗೆ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೆಲವರು ರಟ್ಟಿನ ಕೊಂಬು ಕಟ್ಟಿಕೊಂಡು ಬಂದಿದ್ದರು. ವಾಚು ಕಾಣಿಸಿದಾಗಲೆಲ್ಲ ಸೀಟಿ. ಕೊನೆಗೆ ಆ ಘಳಿಗೆ ಬಂತು; ಧ್ವನಿ ಕರಕರಗುಟ್ಟಿ ನಿಂತಿತು. ಪರದೆಯ ಪಕ್ಕದಲ್ಲಿ ಇಳಕಲ್ ಸೀರೆಯುಟ್ಟ ಗಿರಿಜಾದೇವಿ ಮೈಕ್ ಹಿಡಿದು ನಿಂತಿದ್ದರು. ಗಂಟೆಯ ಸದ್ದಿಗೆಂದು ಸ್ಟೀಲ್ ತಟ್ಟೆ, ಸೌಟು ಹಿಡಿದು ಶಿವರಂಜನಿ.

ಅಂಚೆಯಣ್ಣನ ತುಟಿ ಅಲ್ಲಾಡಿತು. ಗಿರಿಜಾದೇವಿಯ ಬಾಯಿಂದ ಮಾತು ಹೊರಡಲಿಲ್ಲ. ಅಷ್ಟು ದೊಡ್ಡ ಪರದೆ, ಅಷ್ಟೊಂದು ಜನ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಇನ್ನು ತಾನೇ ಏನಾದರೂ ಹೇಳಬೇಕೆಂದು ಶಿವರಂಜನಿ ಮುಂದೆ ಸರಿಯುವಷ್ಟರಲ್ಲಿ ಅಮ್ಮ ಮೆಲ್ಲಗೆ, “ಇದನ್ನ ನೋಡಿದ್ರ ನಂಗ ಎಲ್ಲಾ ಮರೀತೈತಿ. ನೀ ಗಂಟಿ ಬಡಿ,” ಎಂದು ಪರದೆಗೆ ಬೆನ್ನು ಹಾಕಿ, ಗೋಡೆಯತ್ತ ಮುಖ ಮಾಡಿ ನಿಂತರು.

ಪರದೆಯ ಮೇಲೆ ಗಂಟೆ ತೂಗಿತು. ಶಿವರಂಜನಿ ಮೂರು ಸಲ ತಟ್ಟೆ ಬಾರಿಸಿದಳು. ಗೋಡೆಯ ಕಡೆಯಿಂದ ರಾಣಿ ನಕ್ಕಳು.

ಆಮೇಲೆ ಯಾವುದೂ ತಪ್ಪಲಿಲ್ಲ. ಅಂಚೆಯಣ್ಣನ ಬೇಡಿಕೆ, ರಾಣಿಯ ಕೊಂಕು, ಕುದುರೆಯ ಕೆನೆತ ಎಲ್ಲವೂ ಆ ಎಪ್ಪತ್ತರ ಹೆಂಗಸಿನ ಗಂಟಲಿನಿಂದ ತುಟಿಗೆ ತುಟಿ ಹೊಂದಿಕೊಂಡು ಬಂದವು. ಮೊದಲು ನಕ್ಕವರು ಆಮೇಲೆ ಸೀಟಿನ ತುದಿಗೆ ಬಂದು ಕೂತರು. ರಾಜ ಕೈಯೆತ್ತಿದ. ಗಿರಿಜಾದೇವಿ ದನಿ ದಪ್ಪ ಮಾಡಿ ಹೇಳಿದರು: “ಹೋಗಿ ಬಾರಪಾ ತಮ್ಮಾ, ನಿನ್ನ ಕಾಗದ ಮುಟ್ಟೈತಿ. ಉಂಡು ಹೋಗು.”

ರಾಣೆಬೆನ್ನೂರಿನ ಮಾತಾಡುವ ರಾಕ್ಷಸನನ್ನು ಕಂಡು ಸಭಾಂಗಣ ಭೋರ್ಗರೆಯಿತು. ಚಪ್ಪಾಳೆ, ಸೀಟಿ, ಬೆಂಚು ಬಡಿತದ ನಡುವೆ ಶಿವರಂಜನಿಗೆ ಅಪ್ಪನ ಗಂಟಲೇ ಕೇಳಿಸಿತು. ಸೌಟು ಹಿಡಿದ ಕೈಯಲ್ಲೇ ಕಣ್ಣೊರೆಸಿಕೊಂಡಳು.

ಸಿನಿಮಾ ಮುಗಿದರೂ ಯಾರೂ ಏಳಲಿಲ್ಲ. ಬಾಗಿಲಲ್ಲಿ, ಜಾಗ ಸಿಗದೆ ಹೊರಗೇ ಉಳಿದ ನೂರಾರು ಜನ ಇನ್ನೊಂದು ಆಟ ಬೇಕೆಂದು ಪಟ್ಟು ಹಿಡಿದಿದ್ದರು. ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಬಂದು, ಥಿಯೇಟರಿನಲ್ಲೇ ಈ ಸಿನಿಮಾ ನೋಡಿದವರು ತಾವೆಂದೂ ರಾಜನ ಮಾತು ನಿಜವಾಗಿ ಬೇರೆ ಇತ್ತೆಂದೂ ಹೇಳಿದರು. ಏನಿತ್ತು ಸಾರ್ ಎಂದು ಆತ್ರೇಯ ಕೇಳಿದ್ದಕ್ಕೆ, “ಅದನ್ನ ಬಿಡಿ. ಇದೇ ಇರ್ಲಿ,” ಎಂದರು.

“ಆಂಟಿ, ಸುಸ್ತಾಯ್ತಾ? ನಾಲ್ಕು ಗಂಟೆಗೆ ಇನ್ನೊಂದು ಶೋ ಮಾಡೋಣ್ವಾ?”

ಗಿರಿಜಾದೇವಿ ಸೆರಗು ಸರಿಪಡಿಸಿಕೊಂಡರು. “ಮಾಡೂಣು. ಕುದುರಿ ಕೆನೆಯುವಾಗ ಮೈಕ್ ಸ್ವಲ್ಪ ಸಣ್ಣ ಮಾಡಪ್ಪ, ಈ ಸಲ ಇನ್ನೂ ಜೋರ ಕೆನಿತೀನಿ.”